ಗೇಟ್ ಆಮೇಲೆ, ಮೊದಲು ಅಂಟು ನೋಡಿ

ಸಾವಯವ ಹರಳಲ್ಲಿ, ಅಂದರೆ ಇಂಗಾಲದ ಅಣುಗಳ ಹರಳಲ್ಲಿ, ಎಲೆಕ್ಟ್ರಾನುಗಳ ಸ್ಥಿತಿ ಬದಲಿಸಿ ಸ್ವಿಚ್ ಮಾಡಬಹುದು ಅಂದ ಕೂಡಲೇ ಎಲ್ಲರೂ ಗೇಟ್ ವೋಲ್ಟೇಜ್ (ಹರಳಿನ ಪಕ್ಕದ ವಿದ್ಯುದ್ವಾರಕ್ಕೆ ಕೊಟ್ಟು ಎಲೆಕ್ಟ್ರಾನುಗಳನ್ನ ಹೆಚ್ಚು ಕಡಿಮೆ ಮಾಡೋ ವೋಲ್ಟೇಜ್) ಹಿಂದೆ ಬೀಳ್ತಾರೆ. ನನ್ನ ತಕರಾರು ಅಲ್ಲೇ. ಹರಳನ್ನ ಯಾವುದರ ಮೇಲೆ ಅಂಟಿಸಿದ್ದೀರಿ ಅನ್ನೋದು ಗೇಟ್‌ಗಿಂತ ಮೊದಲೇ ಅರ್ಧ ಕಥೆ ಮುಗಿಸಿರುತ್ತೆ.

ಬಿಇಡಿಟಿ-ಟಿಟಿಎಫ್ ಅನ್ನೋ ಇಂಗಾಲ-ಗಂಧಕದ ಅಣುವಿನ ಕಪ್ಪಾ ಬ್ರೋಮೈಡ್ ಲವಣ (ಕಪ್ಪಾ, ಆಲ್ಫಾ, ಬೀಟಾ ಅನ್ನೋದು ಅಣುಗಳ ಜೋಡಣೆಯ ಹೆಸರು) ಬಿಡಿ ಹರಳಾಗಿದ್ದರೆ 11.6 ಕೆಲ್ವಿನ್ ಹತ್ತಿರ ಸೂಪರ್‌ಕಂಡಕ್ಟರ್, ಅಂದರೆ ರೆಸಿಸ್ಟೆನ್ಸ್ ಇಲ್ಲದ ವಾಹಕ. ಅದರದೇ ತೆಳು ಹರಳನ್ನ ಸಿಲಿಕಾನ್ ಮೇಲೆ ಕೂರಿಸಿ ತಣಿಸಿ, ಅವಾಹಕ! ಹರಳು ಹೆಚ್ಚು ಕುಗ್ಗೋಕೆ ನೋಡುತ್ತೆ, ಸಿಲಿಕಾನ್ ಬಿಡಲ್ಲ. ಅಣುಗಳು ದೂರವೇ ಉಳಿದು, ಎಲೆಕ್ಟ್ರಾನುಗಳಿಗೆ ದಾಟೋದು ಕಷ್ಟವಾಗಿ, ಒಂದನ್ನೊಂದು ದೂಡುತ್ತಾ ಇದ್ದಲ್ಲೇ ನಿಲ್ಲುತ್ತವೆ. ಮಾಟ್ ಅವಾಹಕ ಅನ್ನೋದು ಇದಕ್ಕೇ.

ಶಿವಮೊಗ್ಗ, ಶಂಕರಘಟ್ಟದ ಎಂಎಸ್ಸಿ ಮಕ್ಕಳು ಅಷ್ಟು ತಣಿಸೋಕೆ ದ್ರವ ಹೀಲಿಯಂ ಇಲ್ಲ ಅಂತ ಕೈಚೆಲ್ಲಬೇಕಿಲ್ಲ. ಇದೇ ಅಣುವಿನ ಆಲ್ಫಾ ಟ್ರೈಅಯೋಡೈಡ್ 135 ಕೆಲ್ವಿನ್‌ನಲ್ಲೇ ಲೋಹದಂಥ ಸ್ಥಿತಿ ಬಿಟ್ಟು ಅವಾಹಕ ಆಗುತ್ತೆ. ದ್ರವ ಸಾರಜನಕ 77 ಕೆಲ್ವಿನ್. ಪಶು ಆಸ್ಪತ್ರೆಯಲ್ಲಿ ಹೋರಿ ವೀರ್ಯದ ಕಡ್ಡಿ ಇಡೋ ಕ್ಯಾನಲ್ಲಿರೋದೂ ಅದೇ.

ದ್ರಾವಣದಲ್ಲಿ ಹರಳು ಬೆಳೆಸೋಕೆ ಪ್ಲಾಟಿನಂ ತಂತಿ, ಮೈಕ್ರೋಆಂಪ್ ಮಟ್ಟದ ಕರೆಂಟು, ಅಲುಗಾಡದ ಜಾಗ, ವಾರಗಟ್ಟಲೆ ತಾಳ್ಮೆ. ಒಂದೇ ಪಾತ್ರೆಯಲ್ಲಿ ಆಲ್ಫಾ ಜೊತೆ ಬೀಟಾ ರೂಪವೂ ಬೆಳೆಯುತ್ತೆ. 135ರ ಹತ್ತಿರ ರೆಸಿಸ್ಟೆನ್ಸ್ ಜಿಗಿಯದಿದ್ದರೆ ಮೀಟರ್ ಬೈಯಬೇಡಿ, ಹರಳು ಯಾವುದು ಅಂತ ನೋಡಿ.

ಸಣ್ಣ ಚಿನ್ನದ ತಂತಿ ನಾಲ್ಕು, ಕಾರ್ಬನ್ ಪೇಸ್ಟಲ್ಲಿ ಅಂಟಿಸಿ. ಆಷಾಢದ ಮಳೆಯಲ್ಲಿ ಪೇಸ್ಟ್ ಒಣಗಲ್ಲ ಅಂತ ಓವನ್‌ಗೆ ಇಡೋ ಆಸೆ ಬರುತ್ತೆ. ಬೇಡ. 70 ಡಿಗ್ರಿ ಸೆಲ್ಸಿಯಸ್ ದಾಟಿಸಿ ದಿನಗಟ್ಟಲೆ ಇಟ್ಟರೆ ಆಲ್ಫಾ ಹರಳು ಒಳಗೇ ಮಾರ್ಪಟ್ಟು ಬೇರೆಯೇ ರೂಪ ಆಗುತ್ತೆ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟು ಮುಚ್ಚಿ ಒಣಗಿಸಿ.

ತಣಿಸೋದು ನಿಮಿಷಕ್ಕೆ ಒಂದು ಕೆಲ್ವಿನ್ ಇದ್ದರೆ ಚೆನ್ನ. ಅವಸರ ಮಾಡಿದರೆ ಹರಳು ಬಿರುಕು ಬಿಡುತ್ತೆ. ಗ್ರಾಫಲ್ಲಿ ದಿಢೀರ್ ಮೆಟ್ಟಿಲು ಕಾಣುತ್ತೆ, ಬಿಸಿ ಮಾಡಿದಾಗ ರೆಸಿಸ್ಟೆನ್ಸ್ ಮೊದಲಿನ ಮಟ್ಟಕ್ಕೆ ವಾಪಸ್ ಬರಲ್ಲ. ನಿಜವಾದ ಸ್ಥಿತ್ಯಂತರದಲ್ಲಿ ವಾಪಸ್ ಬರುತ್ತೆ. 135ರ ಕೆಳಗೆ ರೆಸಿಸ್ಟೆನ್ಸ್ ಬಹಳ ಏರುತ್ತೆ, ಅದೇ ಕರೆಂಟು ಹಾಯಿಸುತ್ತಾ ಹೋದರೆ ಹರಳು ತಾನೇ ಕಾಯುತ್ತೆ, ಕರೆಂಟು ಇಳಿಸಿ. ಅಳತೆ ಮುಗಿದ ತಕ್ಷಣ ಹರಳಿಟ್ಟ ನಳಿಕೆ ತೆರೆಯಬೇಡಿ, ಮಲೆನಾಡಿನ ಗಾಳಿಯ ತೇವ ತಣ್ಣನೆ ಹರಳ ಮೇಲೆ ಕೂತು ಕಾಂಟ್ಯಾಕ್ಟ್ ಕೆಡಿಸುತ್ತೆ.

ಒಂದೇ ಪಾತ್ರೆಯ ಎರಡು ಹರಳು ತಗೊಳ್ಳಿ. ಒಂದು ತಂತಿಗಳಲ್ಲೇ ಸಡಿಲವಾಗಿ ತೂಗಲಿ, ಇನ್ನೊಂದನ್ನ ಎಪಾಕ್ಸಿ ಹಾಕಿ ಗಾಜಿಗೆ ಗಟ್ಟಿಯಾಗಿ ಅಂಟಿಸಿ. ಎರಡನೇದರ ಜಿಗಿತ ಪಕ್ಕಕ್ಕೆ ಸರಿದಿದ್ದರೆ ಅಥವಾ ಮೊಂಡಾಗಿದ್ದರೆ, ಅದು ಗಾಜು ಮತ್ತು ಅಂಟಿನ ಕೆಲಸ. ಆ ಅಂತರ ಎಷ್ಟು ಅಂತ ಅಳೆಯದೆ ಗೇಟ್ ಹಾಕಿದರೆ, ಬದಲಾವಣೆ ಯಾವುದರಿಂದ ಬಂತು ಅಂತ ಹೇಳೋಕೇ ಆಗಲ್ಲ.