ಹಳೆ ಗಿಟಾರು, ನಮ್ಮ ಬೀಟೆ

ಕೇಳುಗರಿಗೆ ನಮಸ್ಕಾರ.

ಹಳೆಯ ಗಿಟಾರು ಕೊಳ್ಳಲು ಬರುವವರಲ್ಲಿ ಎರಡು ಜಾತಿ. ಒಬ್ಬರು ಬಂದ ಕೂಡಲೇ ತೊಡೆಯ ಮೇಲಿಟ್ಟುಕೊಂಡು ನುಡಿಸುತ್ತಾರೆ. ಇನ್ನೊಬ್ಬರು ಜೇಬಿನಿಂದ ಪುಟ್ಟ ಕನ್ನಡಿ, ಟಾರ್ಚು ತೆಗೆದು, ಹಲ್ಲಿನ ಡಾಕ್ಟರ ಹಾಗೆ ಗಿಟಾರಿನ ಹೊಟ್ಟೆಯೊಳಗೆ ಇಣುಕುತ್ತಾರೆ. ನಾನು ಎರಡನೆಯ ಜಾತಿ. ನುಡಿಸಲು ಅಷ್ಟಾಗಿ ಬಾರದ್ದೂ ಅದಕ್ಕೆ ಕಾರಣ ಅನ್ನಿ.

ಅಮೆರಿಕದ ಮಾರ್ಟಿನ್ ಕಂಪನಿಯ ಗಿಟಾರಾದರೆ ಒಳಗಡೆ, ಕತ್ತು ಬಂದು ಒಡಲಿಗೆ ಸೇರುವಲ್ಲಿ, ಮರದ ತುಂಡಿನ ಮೇಲೆ ಒಂದು ಸಂಖ್ಯೆ ಒತ್ತಿರುತ್ತದೆ. ಅದನ್ನು ಹಿಡಿದು ಹೊರಟರೆ ತಯಾರಾದ ವರ್ಷ ಸಿಗುತ್ತದೆ. ಈ ಲೆಕ್ಕ ಶುರುವಾದದ್ದು 1898ರಲ್ಲಿ. ಅದೂ ಒಂದರಿಂದಲ್ಲ, 8000ದಿಂದ. ಅಷ್ಟು ದಿನ ಮಾಡಿದ್ದು ಸುಮಾರು ಎಂಟು ಸಾವಿರ ಇರಬಹುದು ಅಂತ ಅವರೇ ಹಾಕಿಕೊಂಡ ಅಂದಾಜು. ಅದಕ್ಕಿಂತ ಹಳೆಯ ವಾದ್ಯವಾದರೆ ಸಂಖ್ಯೆಯೇ ಇರುವುದಿಲ್ಲ. ಮೇಲಾಗಿ ‘ನ್ಯೂಯಾರ್ಕ್’ ಎಂಬ ಮುದ್ರೆ. ಮುದ್ರೆ ನಂಬಿದರೆ ಕೆಟ್ಟಿರಿ! ಕಾರ್ಖಾನೆ ಆಗಲೇ ಪೆನ್ಸಿಲ್ವೇನಿಯಾದ ನಜರೆತ್ ಎಂಬ ಊರಿಗೆ ಹೋಗಿ ದಶಕಗಳಾಗಿದ್ದವು. ಮಾಲು ಮಾರುತ್ತಿದ್ದವರು ನ್ಯೂಯಾರ್ಕಿನವರು, ಮುದ್ರೆಯಲ್ಲಿ ಅದೇ ಉಳಿಯಿತು.

ಈ ಮನೆತನದ ಮೂಲಪುರುಷ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್. ಹುಟ್ಟಿದ್ದು 1796ರಲ್ಲಿ, ಜರ್ಮನಿಯ ಸ್ಯಾಕ್ಸನಿ ಸೀಮೆಯ ಮಾರ್ಕ್‌ನಾಯ್‌ಕಿರ್ಶನ್‌ನಲ್ಲಿ. ಮೇಜು, ಕಪಾಟು ಮಾಡುವ ಬಡಗಿಗಳ ಮನೆ. ಆ ಊರಲ್ಲಿ ಪಿಟೀಲು ಮಾಡುವವರದ್ದೇ ಒಂದು ಸಂಘ, ಬಡಗಿಗಳದ್ದೇ ಇನ್ನೊಂದು. ‘ಗಿಟಾರು ಸಂಗೀತದ ವಾದ್ಯ, ಅದು ನಮ್ಮ ಕಸುಬು, ಕಪಾಟು ಮಾಡುವವರಿಗೆ ಇಲ್ಲೇನು ಕೆಲಸ?’ ಎಂಬುದು ಪಿಟೀಲಿನವರ ತಕರಾರು. ಬಡಗಿಗಳು ವಾದಿಸಿ ತಮ್ಮ ಹಕ್ಕು ಉಳಿಸಿಕೊಂಡರಂತೆ. ಆದರೂ ಈ ಜಗಳಗಂಟ ಊರಿನ ಸಹವಾಸವೇ ಬೇಡವೆಂದು ಮಾರ್ಟಿನ್ 1833ರಲ್ಲಿ ಹಡಗು ಹತ್ತಿದರು. ಕೆಲವು ವರ್ಷ ನ್ಯೂಯಾರ್ಕಿನಲ್ಲಿ ಅಂಗಡಿ, ಆಮೇಲೆ ನಜರೆತ್.

ಗಿಟಾರಿನ ಮುಖದ ಹಲಗೆ ತೆಳ್ಳಗಿರಬೇಕು, ಇಲ್ಲದಿದ್ದರೆ ನಾದ ಏಳುವುದಿಲ್ಲ. ತೆಳ್ಳಗಾದರೆ ತಂತಿಯ ಎಳೆತಕ್ಕೆ ಉಬ್ಬುತ್ತದೆ. ಹಾಗಾಗಿ ಹಲಗೆಯ ಒಳಮೈಗೆ ಸಣ್ಣ ಸಣ್ಣ ಪಟ್ಟಿ ಅಂಟಿಸುತ್ತಾರೆ. ಮಾರ್ಟಿನ್ 1840ರ ದಶಕದಲ್ಲಿ ಅವನ್ನು ಗುಣಾಕಾರ ಚಿಹ್ನೆಯ ಹಾಗೆ ಅಡ್ಡಡ್ಡ ದಾಟಿಸಿದರು. ಆಗ ಇದ್ದದ್ದು ಕರುಳಿನ ತಂತಿ. ಎಂಬತ್ತು ವರ್ಷ ಕಳೆದು ಉಕ್ಕಿನ ತಂತಿ ಬಂದಾಗ ಆ ಬಿಗುವನ್ನು ತಡೆದದ್ದು ಇದೇ ಕಟ್ಟು. ಈಗಲೂ ಉಕ್ಕಿನ ತಂತಿಯ ಹೆಚ್ಚಿನ ಗಿಟಾರುಗಳ ಒಳಗೆ ಇಣುಕಿದರೆ ಕಾಣುವುದು ಇದೇ. ಮೊದಲು ಈ ಪಟ್ಟಿಗಳನ್ನು ಅಲ್ಲಲ್ಲಿ ಕೊರೆದು ಹಗುರ ಮಾಡುತ್ತಿದ್ದರು. ಜನ ದಪ್ಪ ದಪ್ಪ ತಂತಿ ಹಾಕಿ, ಹಲಗೆ ಉಬ್ಬಿ, ರಿಪೇರಿಗೆ ತರತೊಡಗಿದ ಮೇಲೆ 1944ರ ಕೊನೆಯಲ್ಲಿ ಕೊರೆಯುವುದನ್ನೇ ನಿಲ್ಲಿಸಿದರು. ಕನ್ನಡಿ ಹಿಡಿದವರು ಇದನ್ನೂ ಹುಡುಕುತ್ತಾರೆ. ಕೊರೆದ ಪಟ್ಟಿ ಕಂಡರೆ ಬೆಲೆ ಎಲ್ಲಿಗೋ ಏರಿತು.

ಹಳತು ಹೊಸತನ್ನು ಬೇರೆ ಮಾಡುವ ಇಂಥ ಗಡಿಗೆರೆಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು 1969ನೇ ಇಸವಿಯದು. ಅಲ್ಲಿಯವರೆಗೆ ಈ ಮನೆಯ ದುಬಾರಿ ಗಿಟಾರುಗಳ ಬೆನ್ನಿಗೂ ಪಕ್ಕೆಗೂ ಬ್ರೆಜಿಲ್ ದೇಶದ ರೋಸ್‌ವುಡ್. ದಿಮ್ಮಿ ಹೊರಗೆ ಕಳಿಸುವುದನ್ನು ಬ್ರೆಜಿಲ್ ತಡೆದ ಮೇಲೆ ಬೇರೆ ಮರ ಬೇಕಾಯಿತು. ಯಾವ ಮರ ಗೊತ್ತೇ? ಬೀಟೆ. ಹೌದು, ನಮ್ಮ ಮಲೆನಾಡಿನ, ಕೊಡಗಿನ ಕಾಫಿ ತೋಟಗಳಲ್ಲಿ ಕಾಣುವ, ಮೈಸೂರಿನ ಕೆತ್ತನೆ ಕೂರಿಸುವ ಕೆಲಸಕ್ಕೆ ಬಳಸುವ ಬೀಟೆಯ ಜಾತಿಯೇ. ಪಶ್ಚಿಮಘಟ್ಟದ ಮರ ಹೀಗೆ ಅಮೆರಿಕದ ಹಳ್ಳಿಹಾಡುಗಾರರ ಎದೆಗೊರಗಿ ಕೂತಿತು.

ಆದರೆ ಹಳೆ ಗಿಟಾರಿನ ಸಂತೆಯಲ್ಲಿ ಬೀಟೆಗೆ ಎರಡನೇ ಪಂಕ್ತಿ. 1968ರದ್ದಕ್ಕೂ 1970ರದ್ದಕ್ಕೂ ಬೆಲೆಯಲ್ಲಿ ದೊಡ್ಡ ಅಂತರ. ‘ಬ್ರೆಜಿಲ್ ಮರದ ನಾದವೇ ಬೇರೆ’ ಅನ್ನುತ್ತಾರೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆನ್ನು, ಪಕ್ಕೆಯ ಮರ ಮಾತ್ರ ಬೇರೆ, ಉಳಿದದ್ದೆಲ್ಲ ಒಂದೇ ಆಗಿರುವಂತೆ ಆರು ಗಿಟಾರು ಮಾಡಿಸಿ, 52 ಮಂದಿ ವಾದಕರ ಕಣ್ಣಿಗೆ ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ಹಾಕಿ, ಮಬ್ಬು ಬೆಳಕಿನಲ್ಲಿ ನುಡಿಸಲು ಕೊಟ್ಟರು. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನ್ನ ಮಟ್ಟಿಗೆ ಆ ಬೆಲೆ ಅಪರೂಪಕ್ಕೆ ಕೊಡುವ ಬೆಲೆ, ನಾದಕ್ಕಲ್ಲ. 1992ರಿಂದ ಬ್ರೆಜಿಲ್ ಮರವನ್ನು ಗಡಿ ದಾಟಿಸುವುದಕ್ಕೇ ಕಟ್ಟುನಿಟ್ಟು. ಹಳೆಯ ಗಿಟಾರು ಹೊತ್ತು ದೇಶ ಸುತ್ತುವವರೂ ಕಾಗದಪತ್ರ ಜೊತೆಗಿಟ್ಟುಕೊಳ್ಳಬೇಕು.

ಇದನ್ನೆಲ್ಲ ಓದಿದ ದಿನ ರಾತ್ರಿ ನಮ್ಮ ಅಜ್ಜನ ಕಾಲದ ಬೀಟೆ ಮಂಚವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದೆ. ‘ಏನದು ಸದ್ದು, ಗೆದ್ದಲು ಹಿಡಿದಿದೆಯಾ?’ ಅಂತ ಅಮ್ಮ ಒಳಗಿನಿಂದ ಕೂಗಿದರು.

ನಮಸ್ಕಾರ.