ಬುದ್ಧಿಹಲ್ಲಿನ ಬೇರು ಬಿಡುವುದೂ ಚಿಕಿತ್ಸೆಯೇ

ಕೇಳುಗರಿಗೆ ನಮಸ್ಕಾರ.

"ಕೀಳುವುದಾದರೆ ಬೇರು ಸಮೇತ ಕಿತ್ತುಬಿಡಿ ಡಾಕ್ಟ್ರೇ, ಅರ್ಧಂಬರ್ಧ ಕೆಲಸ ಬೇಡ." ಬುದ್ಧಿಹಲ್ಲಿನ ನೋವು ತಿಂದವರು ಹೀಗೆ ಹೇಳುವುದು ಸಹಜವೇ. ಆದರೆ ಕೆಳದವಡೆಯಲ್ಲಿ ಕೆಲವೊಮ್ಮೆ ಬೇರನ್ನು ಅಲ್ಲೇ ಬಿಡುವುದು ಒಳ್ಳೆಯದು.

ಕೆಳದವಡೆಯ ಮೂಳೆಯೊಳಗೆ ಒಂದು ಸಣ್ಣ ಕಾಲುವೆ ಇದೆ. ಕೆಳತುಟಿಗೆ, ಗದ್ದಕ್ಕೆ ಸ್ಪರ್ಶ ಕೊಡುವ ನರ ಅದರೊಳಗೆ ಸಾಗುತ್ತದೆ. ಹೊರಬರಲು ಜಾಗವಿಲ್ಲದೆ ಮೂಳೆಯಲ್ಲಿ ಸಿಕ್ಕಿಕೊಂಡ ಬುದ್ಧಿಹಲ್ಲಿನ ಬೇರು ಕೆಲವರಲ್ಲಿ ಈ ಕಾಲುವೆಗೆ ತಾಗಿಕೊಂಡೇ ಇರುತ್ತದೆ. ಎಕ್ಸ್-ರೇಯಲ್ಲಿ ಕಾಲುವೆಯ ಅಂಚು ಬಿಳಿ ಗೆರೆಯಾಗಿ ಕಾಣುತ್ತದೆ. ಬೇರಿನ ಹತ್ತಿರ ಆ ಗೆರೆ ಮಾಯವಾಗಿದ್ದರೆ, ಅಥವಾ ಬೇರಿನ ಆ ಭಾಗವೇ ಕಪ್ಪಗೆ ಕಂಡರೆ ಎಚ್ಚರ ಬೇಕು. ಆಗ ಸಿಬಿಸಿಟಿ ಎಂಬ ಮೂರು ಆಯಾಮದ ಎಕ್ಸ್-ರೇ ಸ್ಕ್ಯಾನ್ ಮಾಡಿಸಿದರೆ ಬೇರು, ನರ ಎಷ್ಟು ಹತ್ತಿರವಿವೆ ಎಂಬುದು ಇನ್ನೂ ಸ್ಪಷ್ಟವಾಗುತ್ತದೆ.

ಅಂಥ ಬೇರನ್ನು ಕೀಳುವಾಗ ನರಕ್ಕೆ ಪೆಟ್ಟಾಗಬಹುದು. ಹಾಗಾದರೆ ತುಟಿ ಸೊಟ್ಟಗಾಗುವುದಿಲ್ಲ, ತುಟಿಯನ್ನು ಆಡಿಸುವ ನರವೇ ಬೇರೆ. ಆದರೆ ಜೋಮು ಹಿಡಿಯುತ್ತದೆ. ಕುಡಿದ ನೀರು ಗದ್ದದ ಮೇಲೆ ಇಳಿದರೂ ಗೊತ್ತಾಗುವುದಿಲ್ಲ. ತುಟಿ ಕಚ್ಚಿಕೊಂಡದ್ದು ರಕ್ತ ನೋಡಿದ ಮೇಲೇ ತಿಳಿಯುತ್ತದೆ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ಸರಿಹೋಗುತ್ತದೆ. ಅಪರೂಪಕ್ಕೆ ಕೆಲವರಿಗೆ ಅದು ಜೀವನಪೂರ್ತಿ ಉಳಿದುಬಿಡುತ್ತದೆ. ಇದು ಸಣ್ಣ ತೊಂದರೆಯಲ್ಲ, ಅಲ್ವಾ?

ಇದನ್ನು ತಪ್ಪಿಸಲು ಇರುವ ದಾರಿಯೇ ಕೊರೋನೆಕ್ಟಮಿ. ಹಲ್ಲಿನ ಮೇಲ್ಭಾಗವನ್ನಷ್ಟೇ ಕತ್ತರಿಸಿ ತೆಗೆಯುತ್ತಾರೆ. ಉಳಿದ ಬೇರಿನ ಮೇಲ್ತುದಿಯನ್ನು ಮೂಳೆಯ ಅಂಚಿಗಿಂತ 3-4 ಮಿಲಿಮೀಟರ್ ಕೆಳಕ್ಕೆ ಇಳಿಯುವಂತೆ ಸವೆಸಿ, ಒಸಡು ಹೊಲಿಯುತ್ತಾರೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಚೂರೂ ಉಳಿಯಬಾರದು. ಬೇರಿಗೆ ರೂಟ್ ಕೆನಾಲ್ ಮಾಡುವ ಅಗತ್ಯವಿಲ್ಲ. ಒಳಗಿನ ಜೀವ ಹಾಗೇ ಇರುತ್ತದೆ.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಹುಳುಕು ಆಳಕ್ಕೆ ಇಳಿದಿದ್ದರೆ, ಬೇರಿನ ತುದಿಯಲ್ಲಿ ಕೀವಿದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ ಪೂರ್ತಿ ತೆಗೆಯಲೇಬೇಕು. ಕತ್ತರಿಸುವಾಗ ಬೇರು ಸಡಿಲಗೊಂಡರೂ ಅಷ್ಟೇ. ಅದಕ್ಕೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಎರಡೂ ಸಾಧ್ಯತೆಗಳನ್ನು ಕೇಳಿ ತಿಳಿದುಕೊಳ್ಳಿ. "ನನ್ನ ಹಲ್ಲಿನ ಬೇರು ನರಕ್ಕೆ ಎಷ್ಟು ಹತ್ತಿರವಿದೆ?" ಎಂದು ಕೇಳಲು ಸಂಕೋಚ ಬೇಡ.

ಉಳಿದ ಬೇರು ನಿಧಾನವಾಗಿ ಮೇಲಕ್ಕೆ ಸರಿಯುವುದು ಸಾಮಾನ್ಯ, ಅದರಲ್ಲೂ ಮೊದಲ ಎರಡು ವರ್ಷ. ಒಸಡಿನಿಂದ ಇಣುಕಿ ತೊಂದರೆ ಕೊಟ್ಟರೆ ಮತ್ತೊಮ್ಮೆ ತೆಗೆಯಬೇಕಾಗಬಹುದು. ಅಷ್ಟರಲ್ಲಿ ಅದು ನರದಿಂದ ದೂರ ಬಂದಿರುವುದರಿಂದ ಅಪಾಯ ಕಡಿಮೆ. ಎಕ್ಸ್-ರೇ ಜೋಪಾನವಾಗಿಡಿ. ಮುಂದೆ ಬೇರೆ ದಂತವೈದ್ಯರ ಹತ್ತಿರ ಹೋದರೆ, ಬೇರನ್ನು ಬೇಕೆಂದೇ ಬಿಟ್ಟಿದ್ದಾರೆ ಎಂದು ಮೊದಲೇ ತಿಳಿಸಿ.