ಬಸ್ ಪುಕ್ಕಟೆ, ನೀರಿಗೆ ಮಾತ್ರ ದುಡ್ಡು: ಲಕ್ಸೆಂಬರ್ಗ್

ಈ ವಿಡಿಯೋದಲ್ಲಿ ಮೊದಲು ಕಾಣುವುದು ಲಕ್ಸೆಂಬರ್ಗ್ ದೇಶದ ರಾಜಧಾನಿಯ ಪ್ಫಾಫೆಂಥಾಲ್ ಲಿಫ್ಟ್. ಎತ್ತರ 71 ಮೀಟರ್, ಟಿಕೆಟ್ ಇಲ್ಲ. ಕಣಿವೆಯಿಂದ ಮೇಲಿನ ಪೇಟೆಗೆ ಜನ ಸೈಕಲ್ ಸಮೇತ ಇದರಲ್ಲೇ ಬರುತ್ತಾರೆ. ಗಾಜಿಗೆ ಮೂಗು ಒತ್ತಿಕೊಂಡು ನಿಂತವನು ನಾನೊಬ್ಬನೇ. ಬರೀ ಬ್ಯಾಂಕುಗಳ ಊರು, ಅರ್ಧ ದಿನ ಸಾಕು ಎಂದು ಬೆಳಿಗ್ಗೆ ಅಂದುಕೊಂಡಿದ್ದೆ, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಲಿಫ್ಟ್ ಅಷ್ಟೇ ಅಲ್ಲ. 2020ರಿಂದ ದೇಶದೊಳಗಿನ ಬಸ್, ಟ್ರಾಮ್, ರೈಲು ಎಲ್ಲವೂ ಉಚಿತ. ರೈಲಿನ ಮೊದಲ ದರ್ಜೆಗೆ ಮಾತ್ರ ದುಡ್ಡು. ನಾವು ಪ್ರವಾಸಿಗರಿಗೂ ಅದೇ ನಿಯಮ.

ಆದರೆ ನೀರು! ಮೇಜಿನ ಮೇಲಿನ ಈ ಬಾಟಲಿಯನ್ನು ಸರಿಯಾಗಿ ನೋಡಿಕೊಳ್ಳಿ. ಆರು ಯೂರೋ, ಐನೂರು ರೂಪಾಯಿಗೂ ಮೇಲೆ. ನಲ್ಲಿ ನೀರೇ ಸಾಕು ಎಂದೆ. ಬಡಿಸುವಾಕೆ ನಕ್ಕು, ಮುಚ್ಚಳ ತಿರುವಿ, ಲೋಟಕ್ಕೆ ಸುರಿದೇಬಿಟ್ಟರು. ಇನ್ನು ವಾಪಸು ಕೊಡುವುದು ಹೇಗೆ? ನಮ್ಮಲ್ಲಿ ಹೋಟೆಲಿನಲ್ಲಿ ಕೂತ ತಕ್ಷಣ ನೀರಿನ ಲೋಟ ಬಂದು ಕುಕ್ಕರಿಸುತ್ತದೆ. ಇಲ್ಲಿ ಗುಟುಕಿಗೆ ಇಷ್ಟು ಎಂದು ಲೆಕ್ಕ ಹಾಕಿಕೊಂಡು ಕುಡಿದೆ. ಆಲೂಗಡ್ಡೆಯ ಗ್ರೊಂಪರೆಕೀಶೆಲ್ಶರ್ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಕರಿದದ್ದು ತಿಂದ ಮೇಲೆ ಬಾಯಾರದೆ ಇರುತ್ತದೆಯೇ?

ಆಕೆಯ ಮೇಲೆ ಸಿಟ್ಟಿಲ್ಲ. ನನ್ನ ಜೊತೆ ಫ್ರೆಂಚ್, ಪಕ್ಕದ ಮೇಜಿನ ಅಜ್ಜನ ಜೊತೆ ಲಕ್ಸೆಂಬರ್ಗಿಷ್, ಅಡುಗೆಮನೆಯತ್ತ ಪೋರ್ಚುಗೀಸ್‌ನಲ್ಲಿ ಕೂಗು. ಇಲ್ಲಿ ನೆಲೆಸಿರುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ವಿದೇಶಿ ಪ್ರಜೆಗಳು, ಅವರಲ್ಲಿ ಪೋರ್ಚುಗೀಸರೇ ಹೆಚ್ಚು. ನಮ್ಮ ಬೆಂಗಳೂರಿನ ಆಟೋ ಚಾಲಕರೂ ಇಷ್ಟೇ ಸಲೀಸಾಗಿ... ಅಯ್ಯೋ, ದೃಶ್ಯ ಬದಲಾಯಿತು.

ಇದು ರಾಜಧಾನಿಯ ಹಳೆಯ ಕೋಟೆಯಡಿ, ಬಾಕ್ ಎಂಬ ಬಂಡೆಯೊಳಗಿನ ಸುರಂಗ. 1644ರಲ್ಲಿ ಸ್ಪೇನಿನವರ ಆಳ್ವಿಕೆಯಲ್ಲಿ ಅಗೆಯಲು ಶುರುಮಾಡಿದ್ದು. 1867ರ ಒಪ್ಪಂದದಂತೆ ಕೋಟೆಯನ್ನು ಕೆಡವಿದರೂ ಸುರಂಗಗಳನ್ನು ಪೂರ್ತಿ ನಾಶ ಮಾಡಲಾಗಲಿಲ್ಲ, ಮೇಲೆ ಊರೇ ಇತ್ತಲ್ಲ. ಈ ಫಿರಂಗಿ ಕಿಂಡಿಯಿಂದ ಕಾಣುವುದು ಆಲ್ಜೆಟ್ ನದಿ. ಎತ್ತರದವರು ತಲೆ ಜೋಪಾನ.

ಇನ್ನು ವಿಯಾಂಡೆನ್ ಎಂಬ ಊರಿನ ಕೋಟೆ. ಎಟ್ಟೆಲ್‌ಬ್ರುಕ್‌ವರೆಗೆ ರೈಲು, ಮುಂದೆ ಬಸ್. ಈ ಕೋಟೆಯನ್ನು 1820ರಲ್ಲಿ ಒಬ್ಬ ವ್ಯಾಪಾರಿಗೆ ಮಾರಿದರಂತೆ. ಆತ ಬಿಡಿಬಿಡಿಯಾಗಿ ಕಿತ್ತು ಮಾರಿಕೊಂಡ. 1977ರಲ್ಲಿ ಸರ್ಕಾರದ ಕೈಗೆ ಬಂದ ಮೇಲೆ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಒಳಗಿನ ಕೋಣೆಗಳು ನನಗೆ ತೀರಾ ಹೊಸದಾಗಿ ಕಂಡವು. ನದಿಯ ದಡದಿಂದ ನೋಡುವುದೇ ಚೆಂದ.

ಗುಡ್ಡ ಹತ್ತಲು ಕುರ್ಚಿ ರೋಪ್‌ವೇ ಇದೆ. ಅದಕ್ಕೆ ಟಿಕೆಟ್ ಉಂಟು, ಕೊಟ್ಟೆ. ನೀರಿನ ಬಾಟಲಿಯನ್ನು ಮಾತ್ರ ಈ ಸಲ ರೂಮಿನಲ್ಲೇ ತುಂಬಿಸಿಕೊಂಡು ಬಂದಿದ್ದೇನೆ.